ಬೆಂಕಿಗೂ ಅಳಿಯದ ವಿಷ

ಆಹಾರವು ಉಣ್ಣಲು ಯೋಗ್ಯವಾಗಿದೆಯೆ ಇಲ್ಲವೆ ಎಂಬುದನ್ನು ನಿರ್ಣಯಿಸುವುದಕ್ಕೆ ಮನುಷ್ಯನು ಬಹು ಹಿಂದಿನಿಂದಲೂ ಎರಡು ಸಾಕ್ಷಿಗಳನ್ನು ನಂಬಿಕೊಂಡು ಬಂದಿದ್ದಾನೆ. ಮೊದಲನೆಯದು ಮೂಗು, ಎರಡನೆಯದು ಬೆಂಕಿ. ಹಳಸಿದ್ದನ್ನು ಮೂಗು ತಿಳಿಸುವುದು. ಶಂಕೆಗೆ ಎಡೆಯಾದುದನ್ನು ಬೆಂಕಿ ಶುದ್ಧಿಗೊಳಿಸುವುದು. ಗೃಹಿಣಿಯು ಸಂಜೆಯ ಹಾಲನ್ನು ಮತ್ತೊಮ್ಮೆ ಕಾಯಿಸಿಡುವುದೂ, ಉಳಿದ ಸಾರನ್ನು ಕುದಿ ಬರಿಸಿ ಇಳಿಸುವುದೂ ಈ ನಂಬಿಕೆಯ ಆಧಾರದ ಮೇಲೆಯೇ. ನಂಬಿಕೆಯು ಬಹುಮಟ್ಟಿಗೆ ಸತ್ಯವೂ ಹೌದು. ವಿಷಮಜ್ವರ, ವಾಂತಿಭೇದಿ ಮೊದಲಾದ ಎಷ್ಟೋ ರೋಗಗಳ ಬೀಜಗಳು ಕುದಿಯುವ ನೀರಿನಲ್ಲಿ ನಾಶವಾಗುತ್ತವೆ. ಆದರೆ ಈ ಎರಡು ಸಾಕ್ಷಿಗಳನ್ನೂ ಏಕಕಾಲದಲ್ಲಿ ವಂಚಿಸತಕ್ಕ ವಿಷವೊಂದುಂಟು. ಅದು ಸೇರಿದ ಆಹಾರವು ವಾಸನೆಯಲ್ಲಿಯಾಗಲಿ, ರುಚಿಯಲ್ಲಿಯಾಗಲಿ, ಬಣ್ಣದಲ್ಲಿಯಾಗಲಿ ಕೆಟ್ಟಂತೆ ತೋರುವುದಿಲ್ಲ. ಅರ್ಧ ಗಂಟೆಯ ಕಾಲ ಕುದಿಸಿದರೂ ಆ ವಿಷದ ಶಕ್ತಿಯು ಪೂರ್ಣವಾಗಿ ಅಳಿಯುವುದಿಲ್ಲ. ಅದನ್ನು ಹುಟ್ಟಿಸಿದ ಜೀವಾಣುವು ಸತ್ತುಹೋದ ಮೇಲೂ ಅದು ಉಳಿದಿರುತ್ತದೆ.

ಈ ವಿಷವನ್ನು ಗುರುತಿಸುವುದಕ್ಕೆ ವಿದ್ವಾಂಸರಿಗೆ ಸುಮಾರು ಐವತ್ತು ವರ್ಷಗಳು ಹಿಡಿದುವು. ಹೊಟ್ಟೆಯನ್ನು ಕೆಡಿಸುವ ಇದೇ ವಿಷವು ದೇಹದ ರಕ್ಷಣೆಗೆಂದು ಏರ್ಪಟ್ಟಿರುವ ಸೈನ್ಯವನ್ನೇ ದಾರಿತಪ್ಪಿಸಬಲ್ಲುದೆಂದು ಸ್ಪಷ್ಟವಾಗಿ ತಿಳಿಯುವುದಕ್ಕೆ ಮತ್ತೆ ಅರುವತ್ತು ವರ್ಷಗಳು ಬೇಕಾದುವು. ಆ ಶೋಧನೆಯ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ, ಮನುಷ್ಯನು ತಪ್ಪು ಕಾರಣವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿರಬಲ್ಲನೆಂಬುದೂ, ಅದನ್ನು ಬಿಡಿಸುವುದಕ್ಕೆ ಎಂತಹ ಸಾಹಸ ಬೇಕಾಯಿತೆಂಬುದೂ ಗೊತ್ತಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಉಂಡವರೆಲ್ಲರೂ ಒಟ್ಟಿಗೆ ವಾಂತಿಭೇದಿಗಳಿಂದ ನರಳಿದರೆ ಯೂರೋಪಿನ ವೈದ್ಯರು ಹೇಳುತ್ತಿದ್ದ ಕಾರಣವು ಕೊಳೆತ. ಇಟಲಿಯ ಬೊಲೋನ್ಯಾ ನಗರದ ರಸಾಯನಶಾಸ್ತ್ರಜ್ಞ ಫ್ರಾನ್ಚೆಸ್ಕೊ ಸೆಲ್ಮಿ ಎಂಬವರು ಶವಗಳು ಕೊಳೆಯುವಾಗ ಉಂಟಾಗುವ ದ್ರವ್ಯಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಕೆಲವು ಸಸ್ಯಜನ್ಯ ವಿಷಗಳನ್ನು ಹೋಲುತ್ತಿದ್ದುವಾದುದರಿಂದ, ಮೃತನಿಗೆ ಯಾರೋ ವಿಷವಿಕ್ಕಿದರೆಂದು ನ್ಯಾಯಸ್ಥಾನಗಳು ಭ್ರಮಿಸುವ ಸಂಭವವಿದ್ದಿತು. ಸೆಲ್ಮಿಯವರು ೧೮೭೦ರ ದಶಕದಲ್ಲಿ ಈ ದ್ರವ್ಯಗಳಿಗೆ 'ಟೋಮೇನ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಪ್ಟೋಮ' ಎಂದರೆ ಶವವೆಂದು ಅರ್ಥ. ನ್ಯಾಯಸ್ಥಾನಕ್ಕೆ ಉಪಕಾರಿಯಾದ ಈ ಹೆಸರು ಕ್ರಮೇಣ ಅಡಿಗೆಮನೆಯನ್ನು ಹೊಕ್ಕಿತು. ಕೊಳೆತ ಮಾಂಸದಲ್ಲಿ ಟೋಮೇನ್ ಉಂಟಾಗುವುದರಿಂದ ಆಹಾರದ ವಿಷಬಾಧೆಗೆಲ್ಲ ಅದೇ ಕಾರಣವೆಂಬ ಮತವು ಹಬ್ಬಿ, 'ಟೋಮೇನ್ ಬಾಧೆ' ಎಂಬ ಮಾತು ಪಂಡಿತ ಪಾಮರರೆಲ್ಲರ ಬಾಯಲ್ಲಿಯೂ ನೆಲೆನಿಂತಿತು.

೧೮೮೪ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಚೀಸನ್ನು ತಿಂದು ಸುಮಾರು ಮುನ್ನೂರು ಮಂದಿ ಕಾಯಿಲೆ ಬಿದ್ದರು. ವಿಕ್ಟರ್ ವಾನ್ ಎಂಬ ವೈದ್ಯವಿದ್ವಾಂಸರು ಅದರಿಂದ ಒಂದು ದ್ರವ್ಯವನ್ನು ಬೇರ್ಪಡಿಸಿ, ಗ್ರೀಕಿನ ಪದಗಳನ್ನು ಕೂಡಿಸಿ 'ಟೈರೋಟಾಕ್ಸಿಕಾನ್', ಅಂದರೆ ಚೀಸಿನ ವಿಷ, ಎಂದು ಕರೆದರು. ಅದೇ ಚೀಸನ್ನು ಪರೀಕ್ಷಿಸಿದ ಜಾರ್ಜ್ ಸ್ಟರ್ನ್‌ಬರ್ಗ್ ಎಂಬವರಿಗೆ ಸೂಕ್ಷ್ಮದರ್ಶಕದಲ್ಲಿ ದುಂಡಾದ ಜೀವಾಣುಗಳು ಕಂಡುವು. ಒಬ್ಬರು ವಿಷವನ್ನು ಹುಡುಕಿದರು. ಮತ್ತೊಬ್ಬರು ಜೀವಾಣುವನ್ನು ಕಂಡರು. ಇವೆರಡಕ್ಕೂ ಇರಬಹುದಾದ ಜನ್ಯಜನಕ ಸಂಬಂಧವನ್ನು ಆಗ ಯಾರೂ ಸಿದ್ಧಪಡಿಸಲಿಲ್ಲ. ಕೊಳೆತದ ಮತಕ್ಕೆ ಒಂದು ದೊಡ್ಡ ಆಕ್ಷೇಪವು ಎದುರಿಗೇ ನಿಂತಿದ್ದಿತು: ಎಷ್ಟೋ ಸಂದರ್ಭಗಳಲ್ಲಿ ಜನರು ಕೊಳೆತದ್ದನ್ನು ತಿಂದಿರಲೇ ಇಲ್ಲ, ಪರಿಮಳಿಸುವ, ರುಚಿಯಾದ, ಅಂದೇ ಮಾಡಿದ ತಿಂಡಿಯನ್ನು ತಿಂದು ನರಳಿದ್ದರು. ಆದರೆ ಒಮ್ಮೆ ಹೆಸರು ದೊರೆತ ಕಾರಣವನ್ನು ಬಿಟ್ಟುಕೊಡಲು ಲೋಕವು ಸುಲಭವಾಗಿ ಒಪ್ಪುವುದಿಲ್ಲ.

ಇದೇ ಕಾಲದಲ್ಲಿ ನಿಜವಾದ ಅಪರಾಧಿಯು ಬೇರೊಂದು ಶಾಲೆಯಲ್ಲಿ ಪರಿಚಿತನಾಗಿದ್ದನು. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯರಾದ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬವರು ಕುರುಗಳಿಂದ ತೆಗೆದ ಕೀವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಅದರಲ್ಲಿ ದುಂಡಾದ ಜೀವಾಣುಗಳು ದ್ರಾಕ್ಷಿಯ ಗೊಂಚಲಿನಂತೆ ಒತ್ತಾಗಿ ಕೂಡಿಕೊಂಡಿದ್ದುವು. ತಮ್ಮ ಶೋಧವನ್ನು ಅವರು ೧೮೮೦ರಲ್ಲಿ ಬರ್ಲಿನ್ ನಗರದಲ್ಲಿ ಕೂಡಿದ್ದ ಶಸ್ತ್ರವೈದ್ಯರ ಸಭೆಯ ಮುಂದಿಟ್ಟರು. ೧೮೮೨ರಲ್ಲಿ ಅದಕ್ಕೆ 'ಸ್ಟ್ಯಾಫಿಲೊಕಾಕಸ್' ಎಂದು ನಾಮಕರಣ ಮಾಡಿದರು. ಗ್ರೀಕಿನಲ್ಲಿ 'ಸ್ಟಾಫಿಲೆ' ಎಂದರೆ ದ್ರಾಕ್ಷಿಯ ಗೊಂಚಲು, 'ಕೊಕ್ಕೊಸ್' ಎಂದರೆ ಕಾಳು. ಕನ್ನಡದಲ್ಲಿ ಇದನ್ನು ಗೊಂಚಲು ಜೀವಾಣುವೆಂದು ಕರೆಯಬಹುದು. ೧೮೮೪ರಲ್ಲಿ ಜರ್ಮನಿಯ ರೋಸೆನ್‌ಬಾಖ್ ಎಂಬವರು ಇದರಲ್ಲಿ ಹೊಂಬಣ್ಣದ್ದು ಮತ್ತು ಬಿಳಿಯದು ಎಂದು ಎರಡು ಬಗೆಗಳನ್ನು ವಿಂಗಡಿಸಿದರು. ಆದರೆ ಈ ಜೀವಾಣುವು ಹುಣ್ಣುಗಳಿಗೆ ಸೇರಿದುದೆಂದೂ, ಶಸ್ತ್ರವೈದ್ಯನ ಚಿಂತೆಗೆ ಮಾತ್ರ ವಿಷಯವೆಂದೂ ಜನರು ಬಗೆದರು. ಬೆರಳಿನ ಹುಣ್ಣಿಗೂ ಊಟದ ತಟ್ಟೆಗೂ ನಡುವೆ ಇರುವ ದೂರವು ಬಹು ಸ್ವಲ್ಪವೆಂಬುದು ಯಾರಿಗೂ ಹೊಳೆಯಲಿಲ್ಲ. ೧೮೯೪ರಲ್ಲಿ ಬೆಲ್ಜಿಯಂ ದೇಶದ ಡೆನಿಸ್ ಎಂಬವರು, ಕಾಯಿಲೆಯಿಂದ ಸತ್ತ ಹಸುವಿನ ಮಾಂಸವನ್ನು ತಿಂದು ನರಳಿದ ಒಂದು ಸಂಸಾರದ ವೃತ್ತಾಂತವನ್ನು ಪರಿಶೀಲಿಸಿ, ಕೀವನ್ನುಂಟುಮಾಡುವ ಈ ಜೀವಾಣುಗಳೇ ಅದಕ್ಕೆ ಕಾರಣವೆಂದು ಹೇಳಿದರು. ಆ ಮಾತಿಗೆ ಹೆಚ್ಚಿನ ಗಮನವು ದೊರೆಯಲಿಲ್ಲ.

ಪ್ರತ್ಯಕ್ಷ ಪ್ರಮಾಣದ ಮೊದಲ ಹೆಜ್ಜೆಯನ್ನಿಟ್ಟವರು ಮಾರ್ಷಲ್ ಬಾರ್ಬರ್ ಎಂಬ ಅಮೆರಿಕನ್ನರು. ಅತಿ ಸಣ್ಣ ಗಾಜಿನ ನಳಿಗೆಯಿಂದ ಒಂದೇ ಒಂದು ಜೀವಾಣುವನ್ನು ಹೆಕ್ಕಿ ತೆಗೆಯುವ ವಿಧಾನವನ್ನು ಕಂಡುಹಿಡಿದು ಅವರು ಆಗಲೇ ಹೆಸರು ಪಡೆದಿದ್ದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅವರು ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಉದ್ಯೋಗದಲ್ಲಿದ್ದರು. ಅಲ್ಲಿಯ ಒಂದು ಹೊಲಮನೆಗೆ ಹೋದಾಗಲೆಲ್ಲ ಅವರಿಗೆ ವಾಂತಿ ಹೊಟ್ಟೆನುಲಿತಗಳು ಉಂಟಾಗುತ್ತಿದ್ದುವು. ಬೇರೊಬ್ಬರಾಗಿದ್ದರೆ ಆ ಮನೆಯ ಊಟವನ್ನೇ ಬಿಡುತ್ತಿದ್ದರು. ಬಾರ್ಬರ್ ಅವರು ಹಾಗೆ ಮಾಡದೆ, ತಿಂದುದನ್ನು ಒಂದೊಂದಾಗಿ ವಿಚಾರಿಸಿ, ಕೊನೆಗೆ ಹಾಲು ಕೆನೆಗಳ ಮೇಲೆ ಸಂಶಯಪಟ್ಟರು. ಹಾಲನ್ನು ಕರೆದೊಡನೆಯೇ ಕುಡಿದರೆ ಏನೂ ಆಗುತ್ತಿರಲಿಲ್ಲ. ಅದೇ ಹಾಲನ್ನು ಆ ಉಷ್ಣದೇಶದ ಸೆಕೆಯಲ್ಲಿ ಕೆಲವು ಗಂಟೆಗಳ ಕಾಲ ಇಟ್ಟು ಕುಡಿದರೆ ತಪ್ಪದೆ ಬಾಧೆಯುಂಟಾಗುತ್ತಿದ್ದಿತು. ಹಾಲು ಒಡೆದಿರಲಿಲ್ಲ, ನಾರುತ್ತಲೂ ಇರಲಿಲ್ಲ.

ಆರೋಗ್ಯವಾಗಿ ಕಾಣುತ್ತಿದ್ದ ಹಸುವೊಂದರ ಕೆಚ್ಚಲಿನಲ್ಲಿ ಗೊಂಚಲು ಜೀವಾಣುವಿನ ಬಿಳಿಯ ಬಗೆಯು ನೆಲೆಸಿರುವುದು ಅವರಿಗೆ ಕಂಡುಬಂದಿತು. ಅದನ್ನು ಬೇರ್ಪಡಿಸಿ, ಬೇರೆ ಒಳ್ಳೆಯ ಹಾಲಿನಲ್ಲಿ ಬೆಳೆಸಿ, ಆ ಹಾಲನ್ನು ತಾವೂ ಕುಡಿದು, ಒಪ್ಪಿದ ಇತರರಿಗೂ ಕೊಟ್ಟರು. ಅದೇ ವಾಂತಿ, ಅದೇ ನುಲಿತಗಳು ಮರುಕಳಿಸಿದುವು. ೧೯೧೪ರಲ್ಲಿ ಅವರು ಫಿಲಿಪ್ಪೀನ್ಸಿನ ವಿಜ್ಞಾನಪತ್ರಿಕೆಯಲ್ಲಿ ಈ ವೃತ್ತಾಂತವನ್ನು ಪ್ರಕಟಿಸಿದರು. ಕರೆದ ಹಾಲಿಗೂ ಇಟ್ಟ ಹಾಲಿಗೂ ಇರುವ ಭೇದವನ್ನು ತಮ್ಮ ಶರೀರದ ಮೇಲೆಯೇ ತೂಗಿ ನೋಡಿದ ಈ ಪರೀಕ್ಷೆಯಲ್ಲಿ ಮುಂದಿನ ಶಾಸ್ತ್ರದ ಬೀಜವೆಲ್ಲ ಅಡಗಿದ್ದಿತು. ಅಲ್ಪಸಂಖ್ಯೆಯ ಜೀವಾಣುಗಳು ದೋಷವನ್ನುಂಟುಮಾಡಲಿಲ್ಲ. ಬೆಚ್ಚನೆಯ ಜಾಗವೂ ಕಾಲವೂ ಕೂಡಿದಾಗ ಅವು ಬೆಳೆದು ಹಾಲಿನಲ್ಲಿ ಏನನ್ನೋ ಬಿಟ್ಟಿದ್ದುವು. ಆದರೂ ಆ ಲೇಖನವು ಹದಿನೈದು ವರ್ಷಗಳ ಕಾಲ ಬಹುಮಟ್ಟಿಗೆ ಮರೆತುಹೋಯಿತು. ಟೋಮೇನಿನ ಆಳ್ವಿಕೆಯು ಮುಂದುವರಿಯಿತು.

೧೯೨೯ರ ಕ್ರಿಸ್ಮಸ್ ಹಬ್ಬದ ಸಮಯದಲ್ಲಿ ಷಿಕಾಗೊ ಪ್ರಾಂತದಲ್ಲಿ ಒಳಗೆ ಕೆನೆಯ ಪದರವಿದ್ದ ಕೇಕನ್ನು ತಿಂದು ಹನ್ನೊಂದು ಮಂದಿ ಕಾಯಿಲೆ ಬಿದ್ದರು. ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಗೇಲ್ ಡ್ಯಾಕ್ ಎಂಬ ತರುಣ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಆ ಕೇಕನ್ನು ಪರೀಕ್ಷಿಸಿ, ಅದರಿಂದ ಹೊಂಬಣ್ಣದ ಗೊಂಚಲು ಜೀವಾಣುವನ್ನು ಬೇರ್ಪಡಿಸಿದರು. ಅದನ್ನು ಸಾರದಲ್ಲಿ ಬೆಳೆಸಿ, ಜೀವಾಣುಗಳು ದಾಟಲಾರದಷ್ಟು ಸೂಕ್ಷ್ಮರಂಧ್ರಗಳ ಶೋಧಕದಲ್ಲಿ ಸೋಸಿದರು. ಹೀಗೆ ದೊರೆತ ತಿಳಿದ್ರವದಲ್ಲಿ ಜೀವಾಣುವು ಒಂದೂ ಇರಲಿಲ್ಲ. ಮನಃಪೂರ್ವಕವಾಗಿ ಮುಂದೆ ಬಂದ ಕೆಲವರು ಅದನ್ನು ಕುಡಿದರು. ಕೆಲವೇ ಗಂಟೆಗಳಲ್ಲಿ ಅವರಿಗೆ ಓಕರಿಕೆ, ವಾಂತಿ, ಭೇದಿಗಳು ಆರಂಭವಾದುವು. ೧೯೩೦ರಲ್ಲಿ ಈ ವೃತ್ತಾಂತವು ಪ್ರಕಟವಾಯಿತು. ಬಾಧೆಗೆ ಕಾರಣವು ಕೊಳೆತವಲ್ಲ. ಹೊಟ್ಟೆಯನ್ನು ಹೊಕ್ಕು ಅಲ್ಲಿ ಬೆಳೆಯುವ ಜೀವಾಣುವೂ ಅಲ್ಲ. ಆಹಾರದಲ್ಲಿ ಮೊದಲೇ ಬೆಳೆದ ಜೀವಾಣುವು ಬಿಟ್ಟುಹೋದ ವಿಷವೆಂಬುದು ಈ ಪರೀಕ್ಷೆಯಿಂದ ಸ್ಥಿರಪಟ್ಟಿತು. ಕರುಳಿಗೆ ಬಾಧಕವಾದುದರಿಂದ ಇದಕ್ಕೆ 'ಎಂಟರೊಟಾಕ್ಸಿನ್', ಎಂದರೆ ಕರುಳುವಿಷ, ಎಂಬ ಹೆಸರು ರೂಢಿಗೆ ಬಂದಿತು.

ಈ ವಿಷದ ನಡೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಗೊಂಚಲು ಜೀವಾಣುವು ದೂರದ ಶತ್ರುವಲ್ಲ. ಆರೋಗ್ಯವಂತರಾದ ಮನುಷ್ಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಮೂಗಿನ ಹೊಳ್ಳೆಗಳಲ್ಲಿ ಅದು ವಾಸಮಾಡಿಕೊಂಡಿರುತ್ತದೆ. ಅಲ್ಲಿಂದ ಕೈಗೆ, ಕೈಯಿಂದ ಆಹಾರಕ್ಕೆ ಹೋಗುತ್ತದೆ. ಬೆರಳಿನಲ್ಲಿ ಕೀವುಗಟ್ಟಿದ ಹುಣ್ಣಿದ್ದರೆ ಹೇಳತಕ್ಕುದೇ ಇಲ್ಲ. ಬೇಯಿಸಿದ ಆಹಾರದಲ್ಲಿ ಇತರ ಜೀವಾಣುಗಳು ಸತ್ತಿರುವುದರಿಂದ, ಬೆಂದ ಮೇಲೆ ಕೈತಾಗಿ ಬಂದ ಈ ಜೀವಾಣುವಿಗೆ ಅಲ್ಲಿ ಪ್ರತಿಸ್ಪರ್ಧಿಗಳೇ ಇರುವುದಿಲ್ಲ. ಇತರ ಜೀವಾಣುಗಳು ಸಹಿಸಲಾರದಷ್ಟು ಉಪ್ಪನ್ನು ಇದು ಸಹಿಸಬಲ್ಲುದು. ಆದುದರಿಂದ ಉಪ್ಪು ಹಾಕಿದ ಮಾಂಸವೂ ಇದಕ್ಕೆ ಒಪ್ಪುತ್ತದೆ, ಸಿಹಿಯಾದ ಕೆನೆಯೂ ಒಪ್ಪುತ್ತದೆ. ಬೆಚ್ಚಗಿನ ಜಾಗದಲ್ಲಿ ಕೆಲವು ಗಂಟೆಗಳು ಕಳೆದರೆ ವಿಷವು ಸಿದ್ಧವಾಗುತ್ತದೆ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಮೆಯ ಪ್ರಮಾಣವೂ ಮನುಷ್ಯನನ್ನು ಮಲಗಿಸಬಲ್ಲುದು. ಜೀವಾಣುವು ಬೆಂಕಿಯಲ್ಲಿ ಸಾಯುವುದು. ವಿಷವು ಬಿಗಿಯಾಗಿ ಮಡಿಚಿಕೊಂಡಿರುವ ಒಂದು ಸಸಾರಜನಕ ದ್ರವ್ಯವಾದುದರಿಂದ ಕುದಿಯನ್ನೂ ಜಠರದ ಪಾಚಕರಸಗಳನ್ನೂ ತಡೆದು ನಿಲ್ಲುವುದು. ಉಂಡ ಒಂದರಿಂದ ಆರು ಗಂಟೆಗಳೊಳಗಾಗಿ ಬಾಧೆಯು ಆರಂಭವಾಗುತ್ತದೆ. ಬಹುಮಂದಿಗೆ ಒಂದು ದಿವಸದೊಳಗೆ ಶಮನವಾಗುತ್ತದೆ. ಶಿಶುಗಳಿಗೂ ವೃದ್ಧರಿಗೂ ಮಾತ್ರ ದೇಹದ ನೀರು ಆರಿಹೋಗಿ ಅಪಾಯವುಂಟಾಗಬಹುದು.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ತಾಮಸಾಹಾರವನ್ನು ವಿವರಿಸುವಲ್ಲಿ 'ಪೂತಿ' ಎಂದೂ 'ಯಾತಯಾಮ' ಎಂದೂ ಎರಡು ಬೇರೆ ಬೇರೆ ಪದಗಳು ಬಂದಿರುವುದನ್ನು ವಾಚಕರು ಬಲ್ಲರು. ಪೂತಿ ಎಂದರೆ ನಾರುವುದು. ಯಾತಯಾಮ ಎಂದರೆ ಬೇಯಿಸಿ ಒಂದು ಯಾಮ, ಅಂದರೆ ಮೂರು ಗಂಟೆಗಳ ಕಾಲ, ಕಳೆದುಹೋದುದೆಂದು ಕೆಲವರು ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಇದರಿಂದ ಪ್ರಾಚೀನರಿಗೆ ಜೀವಾಣುಗಳ ಜ್ಞಾನವಿದ್ದಿತೆಂದು ಸಾಧಿಸಹೊರಡುವುದು ಅವಿವೇಕವಾದೀತು. ಆದರೆ ಆಹಾರವು ನಾರುವುದು ಬೇರೆ, ಕಾಲ ಕಳೆದುದಾಗಿರುವುದು ಬೇರೆ ಎಂಬ ವಿವೇಚನೆಯು ಆ ಎರಡು ಪದಗಳಲ್ಲಿ ಉಂಟು. ಟೋಮೇನ್ ವಾದಿಗಳು ಪೂತಿಯೊಂದನ್ನೇ ಹಿಡಿದುಕೊಂಡರು. ಬಾರ್ಬರ್ ಅವರ ಹಾಲು ಪೂತಿಯಾಗಿರಲಿಲ್ಲ, ಯಾತಯಾಮವಾಗಿದ್ದಿತು.

ಈ ಶಾಸ್ತ್ರವು ತಿಳಿದ ಬಹುಕಾಲದ ಮೇಲೂ ಲೋಕವು ಮೈಮರೆತುದಕ್ಕೆ ೧೯೭೫ರ ಒಂದು ಘಟನೆಯು ಸಾಕ್ಷಿಯಾಗಿದೆ. ಆ ವರ್ಷದ ಫೆಬ್ರವರಿ ತಿಂಗಳಲ್ಲಿ ಜಪಾನಿನ ವಿಮಾನವೊಂದು ೩೪೪ ಮಂದಿ ಪ್ರಯಾಣಿಕರನ್ನು ಹೊತ್ತು ಟೋಕಿಯೊದಿಂದ ಅಲಾಸ್ಕದ ಆಂಕರೇಜ್ ನಗರದ ಮಾರ್ಗವಾಗಿ ಯೂರೋಪಿಗೆ ಹೊರಟಿತು. ಆಂಕರೇಜಿನಲ್ಲಿ ಬೆಳಗಿನ ಉಪಾಹಾರವನ್ನು ತುಂಬಲಾಯಿತು. ಅದರಲ್ಲಿ ಮೊಟ್ಟೆಯ ದೋಸೆಯೊಡನೆ ಉಪ್ಪಿಟ್ಟ ಹಂದಿಮಾಂಸದ ಹೋಳುಗಳಿದ್ದುವು. ಕೋಪನ್‌ಹೇಗನ್ ನಗರವು ಸಮೀಪಿಸುವ ಹೊತ್ತಿಗೆ ಪ್ರಯಾಣಿಕರು ಒಬ್ಬರ ಮೇಲೊಬ್ಬರಂತೆ ವಾಂತಿಮಾಡತೊಡಗಿದರು. ಒಟ್ಟು ೧೯೬ ಮಂದಿ ಪ್ರಯಾಣಿಕರು ಕಾಯಿಲೆ ಬಿದ್ದರು. ನೂರನಲವತ್ತಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ವಿಚಾರಣೆಯಲ್ಲಿ, ಮಾಂಸದ ಹೋಳುಗಳನ್ನು ಮುಟ್ಟಿದ್ದ ಅಡಿಗೆಯವನೊಬ್ಬನ ಬೆರಳುಗಳಲ್ಲಿ ಹುಣ್ಣುಗಳಿದ್ದುವೆಂದೂ, ಆಹಾರವನ್ನು ಸಾಕಷ್ಟು ತಣ್ಣಗಿಡದೆ ಬಹಳ ಗಂಟೆಗಳು ಕಳೆದಿದ್ದುವೆಂದೂ ತಿಳಿದುಬಂದಿತು. ಅಡಿಗೆಯವನಿಗೆ ದುರುದ್ದೇಶವೇನೂ ಇರಲಿಲ್ಲ. ಸಣ್ಣ ಹುಣ್ಣಿನ ಬೆರಳು, ಕಳೆದುಹೋದ ಕೆಲವು ಗಂಟೆಗಳು, ಇವೆರಡೇ ಆ ವಿಪತ್ತಿಗೆ ಸಾಕಾದುವು.

ಡ್ಯಾಕ್ ಅವರ ಪರೀಕ್ಷೆಯ ಅನಂತರ ವಿದ್ವಾಂಸರ ಎದುರಿಗಿದ್ದ ಮುಖ್ಯ ಕಾರ್ಯವು ವಿಷವನ್ನು ಶುದ್ಧರೂಪದಲ್ಲಿ ಪಡೆಯುವುದು. ಪ್ರತಿ ಸಲವೂ ಮನುಷ್ಯರಿಗೆ ಕುಡಿಸಿ ನೋಡುವುದು ಸಾಧ್ಯವಿರಲಿಲ್ಲವಾದುದರಿಂದ ಕೋತಿಗಳ ಮೇಲೆ ಪರೀಕ್ಷೆಗಳು ನಡೆದುವು. ಡ್ಯಾಕ್ ಅವರು ೧೯೪೬ರಲ್ಲಿ ಷಿಕಾಗೊದಲ್ಲಿ ಸ್ಥಾಪಿಸಿದ ಆಹಾರಸಂಶೋಧನಾಲಯದಲ್ಲಿ ಮರ್ಲಿನ್ ಬರ್ಗ್‌ಡಾಲ್ ಎಂಬವರು ಈ ಕಾರ್ಯಕ್ಕೆ ತಮ್ಮ ಆಯುಷ್ಯದ ಬಹುಭಾಗವನ್ನು ಮುಡಿಪಾಗಿಟ್ಟರು. ವಿಷವು ಒಂದೇ ಅಲ್ಲ, ಹಲವಿದೆಯೆಂದು ತಿಳಿದುಬರಲು, ೧೯೬೨ರಲ್ಲಿ ಅವುಗಳನ್ನು ಎ, ಬಿ ಮೊದಲಾದ ಅಕ್ಷರಗಳಿಂದ ಕರೆಯುವ ಕ್ರಮವು ಏರ್ಪಟ್ಟಿತು. ಈಗ ಇಪ್ಪತ್ತಕ್ಕಿಂತಲೂ ಹೆಚ್ಚು ಬಗೆಗಳು ಗೊತ್ತಾಗಿವೆ. ೧೯೭೦ರಲ್ಲಿ ಬರ್ಗ್‌ಡಾಲ್ ಮತ್ತು ಹುವಾಂಗ್ ಎಂಬವರು 'ಬಿ' ಎಂಬ ವಿಷವು ೨೩೯ ಅಮೈನೊ ಆಮ್ಲಗಳ ಸರಪಣಿಯೆಂದು ಪ್ರಕಟಿಸಿದರು. ಇಂತಹ ವಿದ್ಯೆಯ ಮೇಲೆ ಸೇನಾಧಿಕಾರಿಗಳ ಕಣ್ಣು ಬೀಳದಿರಲಿಲ್ಲ. ಶತ್ರುಸೈನ್ಯವನ್ನು ಕೊಲ್ಲದೆ ಕೆಲವು ದಿವಸ ಮಲಗಿಸಬಹುದೆಂಬ ಆಲೋಚನೆಯಿಂದ ಅಮೆರಿಕದ ಸೈನ್ಯವು 'ಬಿ' ವಿಷವನ್ನು ಅಸ್ತ್ರವಾಗಿ ಸಿದ್ಧಪಡಿಸಿದ್ದಿತು. ೧೯೭೦ರಲ್ಲಿ ಅಧ್ಯಕ್ಷ ನಿಕ್ಸನ್ ಅವರು ವಿಷಾಸ್ತ್ರಗಳನ್ನು ತ್ಯಜಿಸಿದರು. ೧೯೭೨ರ ಅಂತರರಾಷ್ಟ್ರೀಯ ಒಪ್ಪಂದವು ಇಂತಹ ಅಸ್ತ್ರಗಳನ್ನು ನಿಷೇಧಿಸಿತು.

ಇಲ್ಲಿಗೆ ಚರಿತ್ರೆಯ ಪೂರ್ವಭಾಗವು ಮುಗಿಯುತ್ತದೆ. ಉತ್ತರಭಾಗವು ಹೊಟ್ಟೆಗೆ ಸಂಬಂಧಪಟ್ಟುದಲ್ಲ, ರಕ್ತಕ್ಕೆ ಸಂಬಂಧಪಟ್ಟುದು. ೧೯೭೦ರಲ್ಲಿಯೇ ಪೀವಿ ಮತ್ತು ಅವರ ಸಂಗಡಿಗರು, ಇಲಿಗಳ ಮತ್ತು ಮನುಷ್ಯರ ಬಿಳಿಯ ರಕ್ತಕಣಗಳಿಗೆ 'ಬಿ' ವಿಷವನ್ನು ಸೇರಿಸಿದಾಗ ಆ ಕಣಗಳು ಸಾಯುವುದಕ್ಕೆ ಬದಲಾಗಿ ಉದ್ರೇಕಗೊಂಡು ವಿಭಾಗವಾಗಿ ಹೆಚ್ಚುವುವೆಂದು ಕಂಡರು. ವಿಷವು ಕಣವನ್ನು ಕೊಲ್ಲುವುದೆಂಬುದು ಎಲ್ಲರ ನಿರೀಕ್ಷೆ. ಇದು ಕಣವನ್ನು ಕುಣಿಸುತ್ತಿದ್ದಿತು. ಇದರ ಅರ್ಥವು ಆಗ ಯಾರಿಗೂ ವಿಶದವಾಗಲಿಲ್ಲ.

೧೯೭೮ರಲ್ಲಿ ಅಮೆರಿಕದ ಡೆನ್ವರ್ ನಗರದ ಮಕ್ಕಳ ವೈದ್ಯರಾದ ಜೇಮ್ಸ್ ಟಾಡ್ ಮತ್ತು ಅವರ ಸಂಗಡಿಗರು ಎಂಟರಿಂದ ಹದಿನೇಳು ವಯಸ್ಸಿನೊಳಗಿನ ಏಳು ಮಂದಿ ಮಕ್ಕಳ ಕಾಯಿಲೆಯನ್ನು ವರ್ಣಿಸಿದರು. ತೀವ್ರವಾದ ಜ್ವರ, ಮೈಮೇಲೆಲ್ಲ ಕೆಂಪು, ರಕ್ತದ ಒತ್ತಡದ ಕುಸಿತ, ಬುದ್ಧಿಭ್ರಮೆ, ಅನಂತರ ಅಂಗೈ ಅಂಗಾಲುಗಳ ಚರ್ಮ ಸುಲಿಯುವಿಕೆ, ಇವು ಅದರ ಲಕ್ಷಣಗಳು. ಗೊಂಚಲು ಜೀವಾಣುವು ಮಕ್ಕಳ ಮೈಯಲ್ಲಿ ಅಲ್ಲಲ್ಲಿ ದೊರೆಯಿತು. ಆದರೆ ರಕ್ತದಲ್ಲಿ ಇರಲಿಲ್ಲ. ಒಂದು ಮೂಲೆಯಲ್ಲಿ ಕುಳಿತ ಜೀವಾಣುವು ವಿಷವನ್ನು ಕಳುಹಿಸಿ ಇಡೀ ಶರೀರವನ್ನು ಕೆಡವುತ್ತಿದೆಯೆಂದು ಟಾಡ್ ಅವರು ಊಹಿಸಿದರು. ೧೯೮೦ರಲ್ಲಿ ಇದೇ ಕಾಯಿಲೆಯು ಅಮೆರಿಕದ ಅನೇಕ ತರುಣಿಯರಲ್ಲಿ, ಮಾಸಿಕ ಸಮಯದಲ್ಲಿ ಒಳಗೆ ಧರಿಸುವ ಒಂದು ಬಗೆಯ ಹೀರುಬಟ್ಟೆಯ ಬಳಕೆಯೊಡನೆ ಕಾಣಿಸಿಕೊಂಡು, ಮರಣಗಳೂ ಸಂಭವಿಸಿ, ದೇಶವನ್ನೆಲ್ಲ ಕಳವಳಗೊಳಿಸಿತು. ೧೯೮೧ರಲ್ಲಿ ಬರ್ಗ್‌ಡಾಲ್ ಅವರ ಗುಂಪೂ, ಪ್ಯಾಟ್ರಿಕ್ ಶ್ಲೀವರ್ಟ್ ಅವರ ಗುಂಪೂ ಬೇರೆ ಬೇರೆಯಾಗಿ ಅದರ ವಿಷವನ್ನು ಕಂಡುಹಿಡಿದು ಬೇರೆ ಬೇರೆ ಹೆಸರಿಟ್ಟುವು. ಎರಡೂ ಒಂದೇ ಎಂದು ತಿಳಿದ ಮೇಲೆ ಅದಕ್ಕೆ ಒಂದೇ ಹೆಸರು ಸಂದಿತು. ಐವತ್ತು ವರ್ಷಗಳಿಂದ ಕೇಕುಗಳ ಮತ್ತು ಮಾಂಸದ ವಿಷವನ್ನು ಶೋಧಿಸುತ್ತ ಬಂದ ಸಂಪ್ರದಾಯದವರೇ ಈ ಮಾರಕವಾದ ಕಾಯಿಲೆಯ ಮೂಲಕ್ಕೂ ಬಂದು ನಿಂತುದು ಆಕಸ್ಮಿಕವಲ್ಲ. ಇವೆಲ್ಲವೂ ಒಂದೇ ಕುಟುಂಬದ ವಿಷಗಳಾಗಿದ್ದುವು.

ಒಗಟನ್ನು ಬಿಡಿಸಿದ ಕೀರ್ತಿಯು ಅದೇ ಡೆನ್ವರ್ ನಗರದ ಮತ್ತೊಂದು ಸಂಸ್ಥೆಯಲ್ಲಿದ್ದ ಜಾನ್ ಕ್ಯಾಪ್ಲರ್ ಮತ್ತು ಫಿಲಿಪ್ಪ ಮ್ಯಾರಕ್ ಎಂಬ ವಿದ್ವದ್ದಂಪತಿಗಳಿಗೂ ಅವರ ಸಂಗಡಿಗರಿಗೂ ಸೇರಿದುದು. ಅವರ ಶೋಧವನ್ನು ಅರಿಯಲು ದೇಹವನ್ನು ಒಂದು ಕೋಟೆಯೆಂದು ಭಾವಿಸಬಹುದು. ಬಿಳಿಯ ರಕ್ತಕಣಗಳಲ್ಲಿ 'ಟಿ' ಎಂಬ ಬಗೆಯವು ಆ ಕೋಟೆಯ ಕಾವಲುಗಾರರು. ಒಬ್ಬೊಬ್ಬ ಕಾವಲುಗಾರನೂ ಒಂದೊಂದು ಶತ್ರುವಿನ ಮುದ್ರೆಯನ್ನು ಮಾತ್ರ ಬಲ್ಲನು. ಕೋಟೆಯ ಗೂಢಚಾರ ಕಣಗಳು ಶತ್ರುವಿನ ಚೂರೊಂದನ್ನು ಅಂಗೈಯಲ್ಲಿಟ್ಟುಕೊಂಡು ಕಾವಲುಗಾರರಿಗೆ ತೋರಿಸುತ್ತ ಹೋಗುವುವು. ಆ ಮುದ್ರೆಯನ್ನು ಬಲ್ಲವನು ಹತ್ತು ಸಾವಿರದಲ್ಲಿ ಒಬ್ಬನೂ ಸಿಕ್ಕುವುದು ಕಷ್ಟ. ಸಿಕ್ಕಿದವನು ಎಚ್ಚತ್ತು ಕೂಗಿ, ತನ್ನಂತಹವರನ್ನು ಹೆಚ್ಚಿಸಿಕೊಂಡು, ಆ ಶತ್ರುವಿನ ಮೇಲೆ ಮಾತ್ರ ಬೀಳುವನು. ರಕ್ಷಣೆಯ ಅಚ್ಚುಕಟ್ಟೆಲ್ಲವೂ ಈ ವಿವೇಚನೆಯಲ್ಲಿದೆ.

ಗೊಂಚಲು ಜೀವಾಣುವಿನ ವಿಷವು ಈ ಕ್ರಮವನ್ನು ಮುರಿಯುವುದು. ಅದು ಗೂಢಚಾರನ ಅಂಗೈಯೊಳಗೆ ಕೂರದೆ, ಅವನ ತೋಳನ್ನೂ ಕಾವಲುಗಾರನ ತೋಳನ್ನೂ ಪಕ್ಕದಿಂದ ಹಿಡಿದು ಒಟ್ಟಿಗೆ ಬಿಗಿಯುವುದು. ಮುದ್ರೆಯನ್ನು ನೋಡದಿದ್ದರೂ ನೋಡಿದೆನೆಂದು ಕಾವಲುಗಾರನು ಭ್ರಮಿಸುವನು. ತೋಳಿನ ರಚನೆಯಲ್ಲಿ ಸಾಮ್ಯವುಳ್ಳ ಎಲ್ಲ ಕಾವಲುಗಾರರೂ ಹೀಗೆ ಸಿಕ್ಕಿಬೀಳುವುದರಿಂದ, ಹತ್ತು ಸಾವಿರದಲ್ಲಿ ಒಬ್ಬನಿಗೆ ಬದಲಾಗಿ ಐವರಲ್ಲಿ ಒಬ್ಬನವರೆಗೂ ಒಮ್ಮೆಗೇ ಕೂಗಿಕೊಳ್ಳುವರು. ಆ ಕೂಗುಗಳೆಂದರೆ ಕಣಗಳು ಹೊರಸೂಸುವ ಪ್ರಬಲ ದ್ರವ್ಯಗಳು. ಮಿತವಾಗಿದ್ದರೆ ಅವು ರಕ್ಷಕಗಳು. ಪ್ರವಾಹದಂತೆ ನುಗ್ಗಿದರೆ ಜ್ವರವೇರಿ, ರಕ್ತನಾಳಗಳು ಸೋರಿ, ಒತ್ತಡವು ಕುಸಿಯುವುದು. ಉದ್ರೇಕಗೊಂಡ ಕಾವಲುಗಾರರಲ್ಲಿ ಬಹುಮಂದಿ ಅನಂತರ ಸಾಯುವರು, ಇಲ್ಲವೆ ನಿಜವಾದ ಶತ್ರುವು ಬಂದಾಗಲೂ ಕದಲದಷ್ಟು ಜಡರಾಗುವರು. ೧೯೮೯ರಲ್ಲಿ ಇಂತಹ ದ್ರವ್ಯಗಳಿಗೆ ಈ ವಿದ್ವಾಂಸರು 'ಸೂಪರ್‌ಆಂಟಿಜೆನ್' ಎಂಬ ಹೆಸರನ್ನು ಕೊಟ್ಟರು. ಅತಿಪ್ರಚೋದಕವೆಂದು ಅದನ್ನು ಕನ್ನಡಿಸಬಹುದು. ೧೯೯೨ರಲ್ಲಿ ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು ಕ್ಷಕಿರಣಗಳ ಸಹಾಯದಿಂದ 'ಬಿ' ವಿಷದ ಆಕಾರವನ್ನು ಪ್ರಕಟಪಡಿಸಿದರು. ಅದು ಎರಡು ಕಣಗಳನ್ನು ಎಲ್ಲಿ ಹೇಗೆ ಹಿಡಿಯುವುದೆಂದು ಅರಿಯುವುದಕ್ಕೆ ಇದರಿಂದ ದಾರಿಯಾಯಿತು.

ಇಷ್ಟರಿಂದ, ಹಳಸಿದ ತಿಂಡಿಯನ್ನು ತಿಂದವರಿಗೆಲ್ಲ ಈ ಭಯಂಕರವಾದ ಕಾಯಿಲೆಯುಂಟಾಗುವುದೆಂದು ಹೆದರಬೇಕಾದುದಿಲ್ಲ. ವಾಂತಿಯನ್ನುಂಟುಮಾಡುವ ಶಕ್ತಿಯೂ ಕಾವಲುಗಾರರನ್ನು ಭ್ರಮೆಗೊಳಿಸುವ ಶಕ್ತಿಯೂ ಒಂದೇ ವಿಷದಲ್ಲಿದ್ದರೂ ಅವು ಬೇರೆ ಬೇರೆ. ವಾಂತಿಯ ಪ್ರೇರಣೆಯು ಒಡಲಿನ ಅಂಗಗಳಲ್ಲಿ ಹುಟ್ಟಿ ನರಗಳ ಮೂಲಕ ಮಿದುಳಿಗೆ ಹೋಗುವುದೆಂದು ೧೯೬೫ರಲ್ಲಿ ಸುಗಿಯಾಮ ಮತ್ತು ಹಯಾಮ ಎಂಬವರು ಕೋತಿಗಳಲ್ಲಿ ತೋರಿಸಿದ್ದರು. ೧೯೯೩ರಲ್ಲಿ ವಿಷದ ಸರಪಣಿಯನ್ನು ಅಲ್ಲಲ್ಲಿ ಮಾರ್ಪಡಿಸಿ ನೋಡಿದಾಗ ಒಂದು ಶಕ್ತಿಯು ಕುಂದಿದರೂ ಮತ್ತೊಂದು ಉಳಿಯಬಲ್ಲುದೆಂದು ತಿಳಿದುಬಂದಿತು. ಆಹಾರದೊಡನೆ ಹೊಟ್ಟೆಗೆ ಹೋದ ಅಲ್ಪ ವಿಷವು ಸಾಮಾನ್ಯವಾಗಿ ವಾಂತಿಭೇದಿಗಳಲ್ಲಿಯೇ ಮುಗಿಯುವುದು. ಜೀವಾಣುವು ಮೈಯಲ್ಲಿಯೇ ನೆಲೆಸಿ ವಿಷವನ್ನು ರಕ್ತಕ್ಕೆ ಸೂಸುತ್ತಿದ್ದಾಗಲೇ ಎರಡನೆಯ ವಿಪತ್ತು.

ಶಾಸ್ತ್ರವು ಇಷ್ಟು ಬೆಳೆದ ಮೇಲೂ ೨೦೦೦ದಲ್ಲಿ ಜಪಾನ್ ದೇಶದಲ್ಲಿ ನಡೆದ ಘಟನೆಯು ಈ ಚರಿತ್ರೆಗೆ ದೊಡ್ಡ ಉದಾಹರಣೆಯಾಗಿ ನಿಂತಿದೆ. ಆ ವರ್ಷ ಜೂನ್ ತಿಂಗಳ ಕೊನೆಯಿಂದ ಒಸಾಕ ಪ್ರಾಂತದಲ್ಲಿ ಸ್ನೋ ಬ್ರ್ಯಾಂಡ್ ಎಂಬ ಪ್ರಸಿದ್ಧ ಸಂಸ್ಥೆಯ ಹಾಲನ್ನು ಕುಡಿದು ಹದಿಮೂರು ಸಾವಿರಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದರು. ಮೂಲವನ್ನು ಹುಡುಕುತ್ತ ಹೋದ ಅಧಿಕಾರಿಗಳು ದೂರದ ಹೊಕ್ಕೈಡೊ ದ್ವೀಪದ ತೈಕಿ ಎಂಬ ಊರಿನ ಕಾರ್ಖಾನೆಗೆ ಮುಟ್ಟಿದರು. ಅಲ್ಲಿ ಮಾರ್ಚ್ ೩೧ರಂದು ಸುಮಾರು ಮೂರು ಗಂಟೆಗಳ ಕಾಲ ವಿದ್ಯುಚ್ಛಕ್ತಿಯು ನಿಂತುಹೋಗಿದ್ದಿತು. ತಣ್ಣಗ ಇರಬೇಕಾಗಿದ್ದ ಹಾಲು ಬೆಚ್ಚಗೆ ನಿಂತು, ಜೀವಾಣುಗಳು ಬೆಳೆದು, 'ಎ' ಎಂಬ ವಿಷವನ್ನು ಬಿಟ್ಟುವು. ಆ ಹಾಲಿನಿಂದ ಆದ ಕೆನೆತೆಗೆದ ಹಾಲುಪುಡಿಯನ್ನು ಏಪ್ರಿಲ್ ತಿಂಗಳಲ್ಲಿ ಮತ್ತೊಂದು ತಯಾರಿಕೆಗೆ ಬೆರೆಸಲಾಯಿತು. ಆ ಪುಡಿಯು ಒಸಾಕಕ್ಕೆ ಬಂದು ಪುನಃ ಹಾಲಾಯಿತು. ಹಾಲನ್ನು ೧೩೦ ಡಿಗ್ರಿಗಳ ಉಷ್ಣಕ್ಕೆ ಕೆಲವು ಕ್ಷಣಗಳ ಕಾಲ ಏರಿಸಲಾಗಿತ್ತು, ಅದೂ ಒಂದಕ್ಕಿಂತ ಹೆಚ್ಚು ಸಲ. ಜೀವಾಣುಗಳೆಲ್ಲ ಸತ್ತಿದ್ದುವು, ಜೀವಾಣುಗಳನ್ನು ಹುಡುಕಿದ್ದರೆ ಆ ಪುಡಿಯು ನಿರ್ದೋಷವೆಂದೇ ತೋರುತ್ತಿದ್ದಿತು. ವಿಷವು ಮಾತ್ರ ಉಳಿದಿದ್ದಿತು. ಒಬ್ಬೊಬ್ಬರ ಹೊಟ್ಟೆಗೆ ಹೋದುದು ಗ್ರಾಮಿನ ನೂರು ಕೋಟಿಯಲ್ಲಿ ಇಪ್ಪತ್ತರಿಂದ ನೂರು ಪಾಲಿನಷ್ಟು ಮಾತ್ರವೆಂದು ಅನಂತರದ ಗಣನೆಯಿಂದ ತಿಳಿದುಬಂದಿತು.

ಬಾರ್ಬರ್ ಅವರು ಹೊಲಮನೆಯಲ್ಲಿ ಕಂಡ ಹಾಲಿಗೂ ಒಸಾಕದ ಹಾಲಿಗೂ ನಡುವೆ ಎಂಬತ್ತಾರು ವರ್ಷಗಳ ಅಂತರವಿದೆ. ಯಂತ್ರಗಳು ಬದಲಾದುವು, ಉಷ್ಣದ ಮಾಪಕಗಳು ಸೂಕ್ಷ್ಮವಾದುವು. ಕಾರಣವು ಮಾತ್ರ ಒಂದೇ. ಬೆಚ್ಚಗೆ ಇಟ್ಟ ಹಾಲಿನಲ್ಲಿ ಕಳೆದುಹೋದ ಗಂಟೆಗಳನ್ನು ಮುಂದಿನ ಯಾವ ಬೆಂಕಿಯೂ ಮರಳಿ ಪಡೆಯಲಾರದು.

ಈ ವಿಷಯವು ದೂರದ ದೇಶಗಳಿಗೆ ಮಾತ್ರ ಸೇರಿದುದಲ್ಲ. ಖೋವಾ, ಪೇಡಾ, ಪನೀರು ಮೊದಲಾದ ಹಾಲಿನ ಪದಾರ್ಥಗಳಲ್ಲಿ ಈ ಜೀವಾಣುವು ಭಾರತದಲ್ಲಿಯೂ ಕಂಡುಬಂದಿದೆ. ಇವೆಲ್ಲವೂ ಕಾದ ಮೇಲೆ ಕೈಯಿಂದ ನಾದುವ, ಉಂಡೆಕಟ್ಟುವ, ಕತ್ತರಿಸುವ ತಿಂಡಿಗಳು. ಮದುವೆ ಮುಂಜಿಗಳ ದೊಡ್ಡ ಅಡಿಗೆಯಲ್ಲಿ ಬೆಳಗಿನ ಜಾವ ಮಾಡಿಟ್ಟ ಪದಾರ್ಥವು ಮಧ್ಯಾಹ್ನ ಮೀರಿ ಎಲೆಗೆ ಬೀಳುವುದೂ ಅಪರೂಪವಲ್ಲ. ಅಂತಹ ಸಂದರ್ಭದಲ್ಲಿ ಬಾಧೆಯೇನಾದರೂ ಉಂಟಾದರೆ ಜನರು ಮೊದಲು ಅಡಿಗೆಯವನನ್ನು ದೂಷಿಸುವರು. ಇಲ್ಲವೆ ಎಣ್ಣೆ ಕೆಟ್ಟಿದ್ದಿತು, ಪಾತ್ರೆಗೆ ಕಲಾಯಿ ಇರಲಿಲ್ಲ ಎನ್ನುವರು. ಕಲಾಯಿಯಿಲ್ಲದ ಪಾತ್ರೆಯೂ ಕೆಟ್ಟದ್ದೇ ಸರಿ. ಆದರೆ ಕೀವಿನ ಬೆರಳಿಗೆ ಕಟ್ಟು ಹಾಕಿದ್ದನೇ, ಆ ದಿವಸ ಅವನಿಗೆ ಬೇರೆ ಕೆಲಸ ಕೊಡಬಾರದಿತ್ತೆ, ಬೆಂದ ಪದಾರ್ಥವು ಎಷ್ಟು ಹೊತ್ತು ಬೆಚ್ಚಗೆ ನಿಂತಿದ್ದಿತು ಎಂದು ಕೇಳುವವರು ವಿರಳ. ಕೈಯನ್ನು ಸಾಬೂನಿನಿಂದ ತೊಳೆಯುವುದು, ಹುಣ್ಣಿದ್ದವನನ್ನು ಕೂಲಿ ತಪ್ಪಿಸದೆ ಒಲೆಯಿಂದ ದೂರವಿಡುವುದು, ಮಾಡಿದುದನ್ನು ಬಿಸಿಬಿಸಿಯಾಗಿಯೇ ಬಡಿಸುವುದು, ಇಡಬೇಕಾದುದನ್ನು ಬೇಗನೆ ತಣ್ಣಗೆ ಇಡುವುದು, ಹೊತ್ತು ಮೀರಿದುದನ್ನು ಮತ್ತೊಮ್ಮೆ ಕುದಿಸಿ ಉಳಿಸಿಕೊಳ್ಳುವ ಆಸೆಯನ್ನು ಬಿಡುವುದು, ಇಷ್ಟೇ ಇದಕ್ಕೆ ಪರಿಹಾರ. ಮೂಗಿನ ಸಾಕ್ಷಿಯನ್ನೂ ಬೆಂಕಿಯ ಸಾಕ್ಷಿಯನ್ನೂ ಕೈಬಿಡಬೇಕಾದುದಿಲ್ಲ; ಅವುಗಳೊಡನೆ ಗಡಿಯಾರವನ್ನೂ ಕರೆದು ಕೇಳತಕ್ಕದ್ದು.